ಗಾಳದ ಸ್ಪರ್ಧೆಯೂ ಬಾಸ್ ಮೀನೂ

ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. 1967ರಲ್ಲಿ ರೇ ಸ್ಕಾಟ್ ಎಂಬುವರು ಆರ್ಕಾನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ಇದನ್ನು ಗಾಳದಿಂದ ಹಿಡಿಯುವ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಹಿಡಿದ ಮೀನನ್ನು ಕೊಂದು ಪ್ರದರ್ಶಿಸುವುದು ಅಂದಿನ ವಾಡಿಕೆ. 1972ರಲ್ಲಿ ಅವರೇ, ತೂಗಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯನ್ನು ತಮ್ಮ ಸ್ಪರ್ಧೆಗಳಲ್ಲಿ ಜಾರಿಗೆ ತಂದರು. ಕ್ರಮೇಣ ಗಾಳ ಹಾಕುವವರ ಮನೋಧರ್ಮವೇ ಮಾರ್ಪಟ್ಟಿತು. ಮೀನನ್ನು ಉಳಿಸಿ ಬಿಡುವುದೇ ಹೆಮ್ಮೆಯ ವಿಷಯವಾಯಿತು.

ಆದರೆ ಬಿಡುಗಡೆಯೊಂದೇ ಸಾಲದು. ವಸಂತಕಾಲದಲ್ಲಿ ಮೊಟ್ಟೆಮರಿಗಳನ್ನು ಕಾಯುವುದು ಗಂಡು ಬಾಸ್. ಅದನ್ನು ದೂರದ ತೂಕದ ಸ್ಥಳಕ್ಕೆ ಒಯ್ದರೆ, ಕಾವಲಿಲ್ಲದ ಗೂಡನ್ನು ಇತರ ಮೀನುಗಳು ಬರಿದುಮಾಡುತ್ತವೆ. ಬಿಡುಗಡೆಗೊಂಡ ಮೀನುಗಳಲ್ಲಿ ಹಲವು ಬಿಟ್ಟೆಡೆಯ ಸಮೀಪದಲ್ಲೇ ಬಹುದಿನ ಉಳಿಯುವುದೂ ಉಂಟು. ಆದುದರಿಂದಲೇ ಹಿಡಿದೆಡೆಯಲ್ಲಿಯೇ ತೂಗಿ ಒಡನೆ ಬಿಡುವ ಕ್ರಮವು ಕೆಲವು ಸ್ಪರ್ಧೆಗಳಲ್ಲಿ ಬಳಕೆಗೆ ಬಂದಿರುವುದು ಸ್ವಾಗತಾರ್ಹ. ಪ್ರಾಣಿದಯೆಯು ಪ್ರಾಣವನ್ನು ಉಳಿಸುವಲ್ಲಿಗೇ ಮುಗಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.