ಮಾಸ್ಕ್ ಹಾಕಿಸಿ, ಟಿ.ಸಿ. ಅರ್ಜಿಗೆ ಸಹಿ ಹಾಕಬೇಡಿ

ಕೋವಿಡ್ ಕಾಲದಲ್ಲಿ ಶಾಲೆಯ ಮಾಸ್ಕ್ ಜಗಳ ಹೊತ್ತು ನನ್ನ ಕಚೇರಿಗೆ ಬಂದ ತಂದೆತಾಯಂದಿರಲ್ಲಿ, ಕಾನೂನು ತಮಗೆ ವಿರುದ್ಧವಾಗಿದ್ದರಿಂದ ಸೋತವರು ಕಡಿಮೆ. ಹೆಚ್ಚಿನವರು ಸೋತದ್ದು ತಾವೇ ಸಹಿ ಮಾಡಿ ಕೊಟ್ಟ ಒಂದು ಹಾಳೆಯಿಂದ. ಆ ಹಾಳೆಯ ಬಗ್ಗೆ ಮೊದಲೇ ಗೊತ್ತಿದ್ದರೆ ಅವರ ಮಕ್ಕಳು ಅದೇ ಶಾಲೆಯಲ್ಲಿ ಓದು ಮುಂದುವರಿಸುತ್ತಿದ್ದರು.

ಆ ಅಲೆ ಇಳಿದು ವರ್ಷಗಳಾದವು. ಆದರೆ 2022ರ ಡಿಸೆಂಬರ್ ಕೊನೆಯಲ್ಲಿ ಚೀನಾದಲ್ಲಿ ಕೋವಿಡ್ ಹೆಚ್ಚಿದ ಸುದ್ದಿ ಬಂದೊಡನೆ ನಮ್ಮ ರಾಜ್ಯದಲ್ಲಿ ಶಾಲೆ, ಕಾಲೇಜು, ಚಿತ್ರಮಂದಿರಗಳಲ್ಲಿ ಮತ್ತೆ ಮಾಸ್ಕ್ ಕಡ್ಡಾಯ ಎಂಬ ಘೋಷಣೆ ಹೊರಬಿತ್ತು. 2025ರ ಮೇ ಕೊನೆಯಲ್ಲಿ, ಶಾಲೆ ತೆರೆಯುವ ಹೊತ್ತಿಗೆ, ಜ್ವರ ಕೆಮ್ಮು ಇರುವ ಮಕ್ಕಳನ್ನು ಕಳಿಸಬೇಡಿ ಎಂಬ ಸುತ್ತೋಲೆ ಬಂತು. ಇನ್ನೊಂದು ಸಾಂಕ್ರಾಮಿಕ ಬಂದರೆ ಶಾಲೆಯ ಗೇಟಿನಲ್ಲಿ ಇದೇ ಮಾತು, ಇದೇ ಜಗಳ ಮತ್ತೆ ಶುರುವಾಗುತ್ತದೆ. ಅದಕ್ಕೇ ಈಗಲೇ ತಿಳಿದುಕೊಂಡಿರಿ.

ಕಡ್ಡಾಯ ಮಾಡುವ ಅಧಿಕಾರ ಇದೆಯೇ?

ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯಲ್ಲಿ ಸರ್ಕಾರ ಇಂಥ ಆದೇಶ ಹೊರಡಿಸಬಹುದು. ಹಾಗಾಗಿ ಆದೇಶ ಜಾರಿಯಲ್ಲಿರುವಾಗ ಮಗುವಿಗೆ ಮಾಸ್ಕ್ ಹಾಕಿಸಿ ಕಳಿಸಿ. ತಕರಾರಿದ್ದರೆ ಕಾಗದದ ಮೇಲೆ ಎತ್ತಿ. ಗೇಟಿನಲ್ಲಿ ಮಗುವನ್ನು ಮುಂದಿಟ್ಟುಕೊಂಡು ಜಗಳಕ್ಕೆ ನಿಂತರೆ ನಷ್ಟ ಮಗುವಿಗೇ.

2022ರ ಮೇ 2ರಂದು ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ ಎಂದು ಹೇಳಿದೆ. ಆ ತೀರ್ಪಿನ ವಾಟ್ಸಾಪ್ ಸಂದೇಶ ತೋರಿಸಿ ‘ಮಾಸ್ಕ್ ಕೂಡ ಹಾಗೇ ಸರ್’ ಎನ್ನುವವರು ಇದ್ದಾರೆ. ಆ ತೀರ್ಪು ಲಸಿಕೆಯ ಬಗ್ಗೆ. ಜನರ ಆರೋಗ್ಯಕ್ಕಾಗಿ ಸರ್ಕಾರ ಸಮಂಜಸವಾದ ನಿರ್ಬಂಧ ಹೇರಬಹುದು ಎಂಬ ಮಾತೂ ಅದರಲ್ಲೇ ಇದೆ. ಆ ವಾಟ್ಸಾಪ್ ಸಂದೇಶ ನಂಬಿಕೊಂಡು ಮಗುವನ್ನು ಮನೆಯಲ್ಲಿ ಕೂರಿಸಬೇಡಿ.

ಮೊದಲ ಹೆಜ್ಜೆ: ಆದೇಶವನ್ನು ಕಣ್ಣಾರೆ ನೋಡಿ

‘ಮೇಲಿನಿಂದ ಆರ್ಡರ್ ಬಂದಿದೆ’ ಎಂಬುದು ಆದೇಶವಲ್ಲ. ಆದೇಶಕ್ಕೆ ಸಂಖ್ಯೆ ಇರುತ್ತದೆ, ದಿನಾಂಕ ಇರುತ್ತದೆ, ಹೊರಡಿಸಿದವರ ಹುದ್ದೆ ಇರುತ್ತದೆ. ಯಾವ ವಯಸ್ಸಿನ ಮಕ್ಕಳಿಗೆ, ಎಲ್ಲಿಯವರೆಗೆ ಎಂಬುದೂ ಅದರಲ್ಲಿರಬೇಕು. ಶಾಲೆಗೆ ಎರಡು ಸಾಲಿನ ಪತ್ರ ಬರೆದು ಪ್ರತಿ ಕೇಳಿ.

ಆದೇಶಗಳಿಗೆ ಆಯಸ್ಸು ಇರುತ್ತದೆ. ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯ ಹೊರಡಿಸುತ್ತಿದ್ದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಮುಗಿದವು. ಆಮೇಲೆ ಉಳಿದದ್ದು ಆರೋಗ್ಯ ಸಚಿವಾಲಯದ ಸಲಹೆ. ಮುಗಿದುಹೋದ ಆದೇಶದ ಝೆರಾಕ್ಸ್ ಹಿಡಿದು ಹೆದರಿಸುವುದು ತಪ್ಪು. ಸಲಹೆ ಬೇರೆ, ಆದೇಶ ಬೇರೆ. ಸಚಿವರು ಮಾಧ್ಯಮದ ಮುಂದೆ ಹೇಳಿದ ಮಾತು ಇವೆರಡರಲ್ಲಿ ಯಾವುದೂ ಅಲ್ಲ.

ಖಾಸಗಿ ಶಾಲೆ ಪ್ರತಿ ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. ಇದು ಗೊತ್ತಿಲ್ಲದೆ ನಾಲ್ಕು ಪುಟ ಗೋಳು ಬರೆದವರ ಅರ್ಜಿ ಹಾಗೇ ವಾಪಸ್ ಬರುತ್ತದೆ. ಉತ್ತರಕ್ಕೆ 30 ದಿನ ಅವಕಾಶ ಇರುವುದರಿಂದ ಇವತ್ತು ಗೇಟಿನಲ್ಲಿ ನಿಂತ ಮಗುವಿಗೆ ಇದರಿಂದ ಉಪಯೋಗವಿಲ್ಲ. ದಾಖಲೆ ಕೂಡಿಸಲು ಮಾತ್ರ ಇದನ್ನು ಬಳಸಿ.

ಎರಡನೇ ಹೆಜ್ಜೆ: ಮಗುವಿನ ವಯಸ್ಸು, ಆರೋಗ್ಯ

ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲೇ ಹೇಳಿದೆ: ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಶಿಫಾರಸು ಇಲ್ಲ, 6ರಿಂದ 11ರವರು ದೊಡ್ಡವರ ನಿಗಾದಲ್ಲಿ ಹಾಕಿಕೊಳ್ಳಬಹುದು. ಹನ್ನೆರಡು ತುಂಬಿದವರಿಗೆ ದೊಡ್ಡವರ ನಿಯಮವೇ. ಎಲ್‌ಕೆಜಿ ಮಗು ಮೂಗಿನಿಂದ ಮಾಸ್ಕ್ ಜಾರಿಸಿತೆಂದು ಗದರುವ ಶಿಕ್ಷಕರಿಗೆ ಇದನ್ನು ತೋರಿಸಿ. ಆದರೆ ಇದು ಮಾರ್ಗಸೂಚಿ ಅಷ್ಟೇ. ರಾಜ್ಯದ ಆದೇಶದಲ್ಲಿ ಬೇರೆ ವಯಸ್ಸು ಇದ್ದರೆ ಶಾಲೆ ಅದನ್ನೇ ಅನುಸರಿಸುತ್ತದೆ. ಅದಕ್ಕೇ ಮೊದಲ ಹೆಜ್ಜೆ ತಪ್ಪಿಸಬೇಡಿ.

ಆಟಿಸಂ ಇರುವ ಮಗು ಮುಖಕ್ಕೆ ಬಟ್ಟೆ ತಾಗಿದರೆ ಸಹಿಸದೇ ಇರಬಹುದು. ಕಿವಿ ಕೇಳಿಸದ ಮಗುವಿಗೆ ಶಿಕ್ಷಕರ ತುಟಿಯ ಚಲನೆಯೇ ಪಾಠ. ಅಂಥ ಮಗುವಿಗೆ ತೊಡಕಾಗುವುದು ಶಿಕ್ಷಕರ ಮಾಸ್ಕ್. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಮಿನಂತೆ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಆ ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ಮಗುವನ್ನು ನೋಡುತ್ತಿರುವ ವೈದ್ಯರ ಚೀಟಿ ಲಗತ್ತಿಸಿ, ಏನು ಬೇಕೆಂದು ಸ್ಪಷ್ಟವಾಗಿ ಬರೆಯಿರಿ: ಫೇಸ್ ಶೀಲ್ಡ್, ಕಿಟಕಿ ಪಕ್ಕದ ಜಾಗ, ನಡುನಡುವೆ ಬಿಡುವು.

ಇಲ್ಲೊಂದು ಎಚ್ಚರಿಕೆ. ಮಗುವಿನ ಮುಖ ನೋಡದೆ ಸರ್ಟಿಫಿಕೇಟ್ ಕೊಡಿಸುವ ಏಜೆಂಟರ ಹತ್ತಿರ ಹೋಗಬೇಡಿ. ಸುಳ್ಳು ಸರ್ಟಿಫಿಕೇಟು ಅಪರಾಧ, ಸಿಕ್ಕಿಬೀಳುವವರು ನೀವು. ಅಲ್ಲದೆ ಪಕ್ಕದ ಬೆಂಚಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇರಬಹುದು. ಆ ಮಗುವಿನ ತಾಯಿಗೂ ನಿಮ್ಮಷ್ಟೇ ಹಕ್ಕಿದೆ.

ಮೂರನೇ ಹೆಜ್ಜೆ: ದಂಡ, ಬಾಂಡ್ ಪೇಪರ್

2020ರ ಅಕ್ಟೋಬರ್‌ನಲ್ಲಿ ಮಾಸ್ಕ್ ದಂಡ ನಗರದಲ್ಲಿ 1000 ರೂಪಾಯಿ, ಉಳಿದೆಡೆ 500 ಎಂದಾಗಿ, ಜನ ಸಿಡಿದೆದ್ದ ಮೇಲೆ 250 ಮತ್ತು 100ಕ್ಕೆ ಇಳಿಯಿತು. ಆ ದಂಡ ವಸೂಲಿ ಮಾಡುವ ಅಧಿಕಾರ ಇದ್ದದ್ದು ಸರ್ಕಾರ ಗೊತ್ತುಪಡಿಸಿದ ಅಧಿಕಾರಿಗಳಿಗೆ, ಅದೂ ರಸೀದಿ ಕೊಟ್ಟು. ಶಾಲೆ ತಾನೇ ದಂಡ ಹಾಕಿ ಮಗುವಿನ ಡೈರಿಯಲ್ಲಿ ‘ನಾಳೆ 100 ರೂ. ತರತಕ್ಕದ್ದು’ ಎಂದು ಬರೆದರೆ ಕೊಡಬೇಡಿ, ಡೈರಿಯ ಆ ಪುಟದ ಫೋಟೊ ತೆಗೆದಿಡಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಪ್ರಕಟಿಸಿದ ಶುಲ್ಕದ ಹೊರತಾಗಿ ಪಡೆಯುವ ಹಣವನ್ನು ಕ್ಯಾಪಿಟೇಶನ್ ಶುಲ್ಕ ಎಂದು ಕರೆದಿದೆ. ಪ್ರವೇಶದ ವೇಳೆ ಅದನ್ನು ಪಡೆದರೆ 13ನೇ ಕಲಮಿನಲ್ಲಿ ಹತ್ತು ಪಟ್ಟಿನವರೆಗೆ ದಂಡವಿದೆ. ಶಾಲೆಯ ಮಾಸ್ಕ್ ದಂಡವೂ ಇಂಥ ಹಣವೇ ಎಂದು ವಾದಿಸಿ ನೋಡಬಹುದು.

2021ರಲ್ಲಿ ಶಾಲೆಗಳು ತೆರೆದಾಗ ಪೋಷಕರ ಒಪ್ಪಿಗೆ ಪತ್ರ ಕೇಳಿದ್ದರು. ಸರ್ಕಾರ ಕೇಳಿದ್ದು ಪತ್ರವನ್ನು. ಟೈಪಿಂಗ್ ಅಂಗಡಿಯವರು ಅದನ್ನು ಬಾಂಡ್ ಪೇಪರಿನ ಅಫಿಡವಿಟ್ ಮಾಡಿ, ನೋಟರಿ ಮೊಹರು ಹಾಕಿಸಿ, ಕೂಲಿ ಮಾಡುವವರ ಕೈಯಿಂದ ದಿನಗೂಲಿಯಷ್ಟು ದುಡ್ಡು ಕಿತ್ತರು. ಬಿಳಿ ಹಾಳೆ ಸಾಕು. ಆದರೆ ಆ ಪತ್ರದಲ್ಲಿ ‘ಏನಾದರೂ ಆದರೆ ಶಾಲೆ ಹೊಣೆಯಲ್ಲ’ ಎಂಬ ಸಾಲಿದ್ದರೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ ಕೊಡಿ.

ಎಲ್ಲಕ್ಕಿಂತ ದುಬಾರಿ ಬಲೆ

ಈಗ ಆ ಹಾಳೆಯ, ಅಂದರೆ ಟಿ.ಸಿ. (ವರ್ಗಾವಣೆ ಪತ್ರ) ಅರ್ಜಿಯ ವಿಷಯ.

ಮಾಸ್ಕ್ ವಿಚಾರಕ್ಕೆ ಮಗುವನ್ನು ತರಗತಿಯಿಂದ ಹೊರಗೆ ಕಳಿಸುತ್ತಾರೆ, ಎರಡು ಮೂರು ಸಲ ಮಾತು ಬೆಳೆಯುತ್ತದೆ. ಮುಖ್ಯೋಪಾಧ್ಯಾಯರು ಕರೆಸುತ್ತಾರೆ. ‘ನಿಮಗೆ ನಮ್ಮ ಶಾಲೆ ಸರಿಬರ್ತಿಲ್ಲ ಅನ್ಸುತ್ತೆ ಅಮ್ಮಾ, ಟಿ.ಸಿ. ತಗೊಂಬಿಡಿ, ಇಬ್ಬರಿಗೂ ನೆಮ್ಮದಿ’ ಎನ್ನುತ್ತಾರೆ. ಗುಮಾಸ್ತರು ಅಚ್ಚಾದ ಅರ್ಜಿ ತಂದಿಡುತ್ತಾರೆ. ಹೆಸರು, ತರಗತಿ, ಜನ್ಮ ದಿನಾಂಕ ಎಲ್ಲ ತುಂಬಿರುತ್ತದೆ. ‘ಶಾಲೆ ಬಿಡಲು ಕಾರಣ’ ಎಂಬಲ್ಲಿ ಗುಮಾಸ್ತರ ಕೈಬರಹದಲ್ಲಿ ‘ಪೋಷಕರ ಕೋರಿಕೆ’ ಎಂದಿರುತ್ತದೆ. ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದ ತಾಯಿ, ಅವಮಾನ ತಾಳಲಾರದೆ ಸಹಿ ಹಾಕುತ್ತಾಳೆ. ಅಂಥ ಒಂದು ಅರ್ಜಿಯ ನಕಲನ್ನು ನಾನು ನೋಡಿದ್ದೇನೆ. ಅದರಲ್ಲಿ ತಾಯಿ ತಾನೇ ಬರೆದದ್ದು ಸಹಿ ಮಾತ್ರ.

ಆ ಸಹಿಯಿಂದ ಏನಾಗುತ್ತದೆ? ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನಂತೆ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಐದು ಮತ್ತು ಎಂಟನೇ ತರಗತಿಯಲ್ಲಿ ಅನುತ್ತೀರ್ಣ ಮಾಡಲು ದಾರಿ ಬಿಟ್ಟರು. ಹೊರಹಾಕುವ ದಾರಿ ಬಿಡಲಿಲ್ಲ. ಹೀಗಾಗಿ ಶಾಲೆ ತಾನಾಗಿ ಮಗುವನ್ನು ತೆಗೆಯಲಾರದು. ಅದಕ್ಕೆ ನಿಮ್ಮ ಸಹಿ ಬೇಕು. ಸಹಿ ಬಿದ್ದ ಕ್ಷಣವೇ ಹೊರಹಾಕಿದ ಮಗು ಕಾಗದದಲ್ಲಿ ‘ತಾನಾಗಿ ಬಿಟ್ಟು ಹೋದ ಮಗು’ ಆಗುತ್ತದೆ. ನಾಳೆ ನೀವು ದೂರು ಕೊಟ್ಟರೆ ಬಿಇಒ ಕಚೇರಿ ಅದನ್ನೇ ತೆಗೆದು ತೋರಿಸುತ್ತದೆ: ‘ನೀವೇ ಕೇಳಿದ್ದೀರಲ್ಲಮ್ಮ.’

ಶಿಕ್ಷಣ ಹಕ್ಕು ಕಾಯ್ದೆಯ, ಅಂದರೆ ಆರ್‌ಟಿಇ ಸೀಟಿನ ಮಕ್ಕಳಿಗೆ ಇದು ಸರಿಪಡಿಸಲಾಗದ ನಷ್ಟ. ಖಾಸಗಿ ಶಾಲೆಯ ಆ ಉಚಿತ ಸೀಟು ಸಿಗುವುದು ಪ್ರವೇಶದ ಹಂತದಲ್ಲಿ ಮಾತ್ರ, ಎಲ್‌ಕೆಜಿ ಅಥವಾ ಒಂದನೇ ತರಗತಿಗೆ. ನಾಲ್ಕನೇ ತರಗತಿಯಲ್ಲಿ ಟಿ.ಸಿ. ತೆಗೆದುಕೊಂಡರೆ ಸೀಟನ್ನು ಇನ್ನೊಂದು ಖಾಸಗಿ ಶಾಲೆಗೆ ಒಯ್ಯಲು ಬರುವುದಿಲ್ಲ. ಶುಲ್ಕ ಕಟ್ಟುವ ಮಕ್ಕಳ ಪೋಷಕರಿಗಿಂತ ಆರ್‌ಟಿಇ ಪೋಷಕರಿಗೇ ಟಿ.ಸಿ. ಸಲಹೆ ಬೇಗ ಸಿಗುವುದನ್ನು ಕಂಡು ನನಗೆ ಸಿಟ್ಟು ಬರುತ್ತದೆ. ಮಾಸ್ಕ್ ಅಲ್ಲಿ ನೆಪ ಅಷ್ಟೇ.

ಆದ್ದರಿಂದ ಅಂದು ಯಾವುದಕ್ಕೂ ಸಹಿ ಬೇಡ. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ಎದ್ದು ಬನ್ನಿ. ಅದೇ ದಿನ ಈ ಪತ್ರ ಕೊಡಿ:

‘ಇಂದು ಬೆಳಿಗ್ಗೆ ಇಷ್ಟು ಗಂಟೆಗೆ, ಇಷ್ಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗುವನ್ನು ಮಾಸ್ಕ್ ಕಾರಣಕ್ಕೆ ತರಗತಿಯಿಂದ ಹೊರಗೆ ಕಳಿಸಿದ್ದೀರಿ. ಯಾವ ಆದೇಶದಂತೆ ಎಂದು ಲಿಖಿತವಾಗಿ ತಿಳಿಸಿ. ನನ್ನ ಮಗು ಇದೇ ಶಾಲೆಯಲ್ಲಿ ಓದು ಮುಂದುವರಿಸುತ್ತದೆ. ನಾನು ಟಿ.ಸಿ. ಕೇಳಿಲ್ಲ.’

ಕೊನೆಯ ವಾಕ್ಯವನ್ನು ಬಿಡಬೇಡಿ. ನಕಲಿನ ಮೇಲೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ.

ಈಗಾಗಲೇ ಸಹಿ ಹಾಕಿದ್ದರೆ? ಟಿ.ಸಿ. ಇನ್ನೂ ಕೈಗೆ ಬಂದಿಲ್ಲದಿದ್ದರೆ ಇವತ್ತೇ ‘ಅರ್ಜಿ ಹಿಂಪಡೆದಿದ್ದೇನೆ’ ಎಂದೂ ಯಾವ ಸನ್ನಿವೇಶದಲ್ಲಿ ಸಹಿ ಹಾಕಿದಿರಿ ಎಂದೂ ಬರೆದು ಕೊಡಿ. ಕೈಗೆ ಬಂದಿದ್ದರೆ ಬೇರೆ ಶಾಲೆಗೆ ಕೊಡುವ ಮೊದಲು ದೂರು ಕೊಡಿ. ಬೇರೆ ಶಾಲೆಗೆ ಸೇರಿಸಿದ ಮೇಲೆ ನನ್ನಂಥವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ.

ದೂರು ಎಲ್ಲಿಗೆ?

ಮಾಸ್ಕ್ ಇಲ್ಲವೆಂದು ಬಿಸಿಲಲ್ಲಿ ನಿಲ್ಲಿಸುವುದು, ತರಗತಿಯ ಮುಂದೆ ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿರುವ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳದ ಕೆಳಗೆ ಬರುತ್ತದೆ. ದೂರನ್ನು ಬಿಇಒಗೆ ಬರೆದು, ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಒಂದು ಪ್ರತಿ ಕೊಡಿ. 32ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನಿಸಬೇಕು. ಹಾಗಾಗಿ ಹಳ್ಳಿಯವರು ಜಿಲ್ಲಾ ಪಂಚಾಯಿತಿಗೂ ನಗರದವರು ಪಾಲಿಕೆ ಅಥವಾ ಪುರಸಭೆಗೂ ಒಂದು ಪ್ರತಿ ಕಳಿಸಿ. ತೃಪ್ತಿಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ‘ಆಡಳಿತ ಮಂಡಳಿ ಹತ್ರ ಮಾತಾಡಿ ಸರಿಮಾಡ್ಕೊಳ್ಳಿ’ ಎಂದು ಸಾಗಹಾಕುವ ಅಧಿಕಾರಿಗೆ ಸಂಬಳ ಸಿಗುವುದು ಈ ಕೆಲಸ ಮಾಡುವುದಕ್ಕೇ. ದೂರನ್ನು ಬಾಯಲ್ಲಿ ಹೇಳಬೇಡಿ, ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ಮಗುವಿಗೆ ಹೊಡೆತ ಬಿದ್ದಿದ್ದರೆ ಕಾಯಬೇಡಿ, 1098ಕ್ಕೆ ಕರೆ ಮಾಡಿ.

ಎರಡು ಅಪವಾದಗಳಿವೆ. ಒಂದು, ಈ ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ. ಒಂಬತ್ತು, ಹತ್ತನೇ ತರಗತಿಯವರು ಶಿಕ್ಷಣ ಇಲಾಖೆಗೆ ದೂರು ಕೊಡಬಹುದು, ಆದರೆ 16ನೇ ಕಲಮಿನ ಬಲ ಇಲ್ಲ. ಎಸ್‌ಎಸ್‌ಎಲ್‌ಸಿಗೆ ಶೇ. 75 ಹಾಜರಾತಿ ಬೇಕಾದ್ದರಿಂದ, ಮನೆಗೆ ಕಳಿಸಿದ ಪ್ರತಿ ದಿನವನ್ನೂ ಪತ್ರದಲ್ಲಿ ದಾಖಲಿಸಿ. ಎರಡು, ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನಂತೆ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆ ತೀರ್ಪನ್ನು ಮರುಪರಿಶೀಲಿಸಬೇಕೆಂದು 2025ರಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಹೇಳಿದೆ. ಇತ್ಯರ್ಥವಾಗುವವರೆಗೆ ಹಳೆಯದೇ ಜಾರಿ. ಅಂಥ ಶಾಲೆಯ ಮಕ್ಕಳಿಗೂ ಮಕ್ಕಳ ಹಕ್ಕುಗಳ ಆಯೋಗದ ಬಾಗಿಲು ಮುಚ್ಚಿಲ್ಲ.

ಜ್ವರ ಇರುವ ಮಗುವನ್ನು ಶಾಲೆ ಮನೆಗೆ ಕಳಿಸಿದರೆ ಅದು ಶಿಕ್ಷೆಯಲ್ಲ, ಅದಕ್ಕೆ ಜಗಳ ತೆಗೆಯಬೇಡಿ. ಮಗುವನ್ನು ಕರೆದುಕೊಂಡು ಬನ್ನಿ, ರಜೆ ಚೀಟಿ ಬರೆದು ಕೊಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಅರ್ಜಿ ತಾಯಿಯ ಹೆಸರಿನಲ್ಲಿರಲಿ. ಅಲ್ಲಿಗೆ ಹೋಗಬೇಕಾದದ್ದು ಟಿ.ಸಿ. ಅರ್ಜಿಗೆ ಸಹಿ ಹಾಕುವ ಮುಂಚೆ. ಸಹಿ ಹಾಕಿದ ಮೇಲೆ ಬಂದವರಿಗೆ ನಾವು ಕೊಡುವುದು ಹೆಚ್ಚಾಗಿ ಸಮಾಧಾನದ ಮಾತು. ಮುಂಚೆ ಬಂದರೆ ಮಗುವಿನ ಸೀಟು ಉಳಿಸಿಕೊಡಬಹುದು.