94 ಲಾಕ್‌ಗಳ ಕಾಲುವೆ ಯಾನ: ಸಿದ್ಧತೆ ಹೀಗಿರಲಿ

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಕಡೆ ನೆಲೆಸಿರುವ ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋಗಿಬರುವ ಕನ್ನಡಿಗರು ಈಗ ಎಷ್ಟೋ ಮಂದಿ. ಅಲ್ಲಿನ ಕಾಲುವೆಗಳಲ್ಲಿ ದೋಣಿಯನ್ನು ಬಾಡಿಗೆಗೆ ಪಡೆದು, ನಾವೇ ನಡೆಸಿಕೊಂಡು ಊರಿಂದ ಊರಿಗೆ ಹೋಗಬಹುದು. ಚಾಲನಾ ಪರವಾನಗಿ ಬೇಕಿಲ್ಲ. ಹೊರಡುವ ಮೊದಲು ಬಾಡಿಗೆಯವರೇ ಕಲಿಸಿಕೊಡುತ್ತಾರೆ.

ದೂರದ ಯಾನಕ್ಕೆ ‘ಫೋರ್ ಕೌಂಟೀಸ್ ರಿಂಗ್’ ಒಳ್ಳೆಯ ಆಯ್ಕೆ. ಟ್ರೆಂಟ್ ಅಂಡ್ ಮರ್ಸಿ, ಸ್ಟಾಫರ್ಡ್‌ಶೈರ್ ಅಂಡ್ ವೂಸ್ಟರ್‌ಶೈರ್, ಶ್ರಾಪ್‌ಶೈರ್ ಯೂನಿಯನ್ ಕಾಲುವೆಗಳು ಕೂಡಿ ಆದ ಸುತ್ತು ಇದು. ಬಾಡಿಗೆ ದೋಣಿಯನ್ನು ಸಾಮಾನ್ಯವಾಗಿ ಪಡೆದ ಜಾಗದಲ್ಲೇ ಒಪ್ಪಿಸಬೇಕು. ಸುತ್ತು ಹಾದಿಯಾದರೆ ಬಂದ ದಾರಿಯಲ್ಲೇ ಹಿಂತಿರುಗುವ ಪ್ರಮೇಯವಿಲ್ಲ. ಉದ್ದ 110 ಮೈಲಿ, ಅಂದರೆ ಸುಮಾರು 177 ಕಿ.ಮೀ. ನಡುವೆ 94 ಲಾಕ್‌ಗಳು, ಅಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳು.

1. ಮೊದಲು ದಿನಗಳ ಲೆಕ್ಕ

ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನವಾಗಿ ಸಾಗಬೇಕು. ದೋಣಿಯವರು ಬಳಸುವ ಸುಲಭ ಸೂತ್ರವೊಂದಿದೆ: ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿ. 110ಕ್ಕೆ 94 ಸೇರಿದರೆ 204. ಮೂರರಿಂದ ಭಾಗಿಸಿದರೆ 68 ಗಂಟೆ. ದಿನಕ್ಕೆ ಏಳು ಗಂಟೆ ಸಾಗಿದರೆ ಹತ್ತು ದಿನ ಬೇಕು. ಎರಡು ವಾರ ಇಟ್ಟುಕೊಂಡರೆ ದಿನಕ್ಕೆ ಐದು ಗಂಟೆ ಸಾಕು. ದಾರಿಯ ಊರುಗಳನ್ನೂ ನೋಡಬಹುದು. ಒಂದೇ ವಾರದಲ್ಲಿ ಮುಗಿಸುತ್ತೇವೆಂದು ಹೊರಟವರು ಬೆಳಗಿನಿಂದ ಸಂಜೆಯವರೆಗೂ ಗೇಟು ತಳ್ಳುವುದರಲ್ಲೇ ಸುಸ್ತಾಗುತ್ತಾರೆ.

2. ಕಾಲ, ದೋಣಿ, ಜನ

ಲಾಕ್‌ಗಳ ದೊಡ್ಡ ದುರಸ್ತಿ ಹೆಚ್ಚಾಗಿ ಚಳಿಗಾಲದಲ್ಲಿ ನಡೆಯುವುದರಿಂದ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸಮಯ ಅನುಕೂಲ. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ನೀರಿಲ್ಲದೆ ಕೆಲವು ಭಾಗ ಮುಚ್ಚುವುದೂ ಉಂಟು. ಕಾಲುವೆಗಳನ್ನು ನೋಡಿಕೊಳ್ಳುವ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಪ್ರಕಟಿಸುವ ಸೂಚನೆಗಳನ್ನು ಹೊರಡುವ ಮುನ್ನ ತಪ್ಪದೆ ನೋಡಿ.

ಇಲ್ಲಿನ ಲಾಕ್‌ಗಳ ಅಗಲ ಸುಮಾರು 7 ಅಡಿ. ಅದಕ್ಕೆ ತಕ್ಕಂತೆ ‘ನ್ಯಾರೋಬೋಟ್’ ಎಂಬ ಇಲ್ಲಿನ ದೋಣಿ ಕೂಡ ಕಿರಿದು. ಒಳಗೆ ಮಲಗುವ ಜಾಗ, ಶೌಚಾಲಯ, ಗ್ಯಾಸ್ ಒಲೆ ಇರುತ್ತವೆ. ಸಾರಿನ ಪುಡಿ, ಅಕ್ಕಿ, ಬೇಳೆ ಒಯ್ದರೆ ಊಟದ ಚಿಂತೆಯಿಲ್ಲ. ನೀರಿನ ಟ್ಯಾಂಕ್ ತುಂಬಿಸುವ ನಲ್ಲಿಗಳು ಎಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಡಿ. ಚುಕ್ಕಾಣಿಗೊಬ್ಬರು, ಲಾಕ್‌ಗೆ ಇಬ್ಬರು, ಅಡುಗೆಗೊಬ್ಬರು ಎಂದು ನಾಲ್ಕು ಜನರಿದ್ದರೆ ಹಗುರ. ಈಜು ಬಾರದವರೂ ಮಕ್ಕಳೂ ಲೈಫ್‌ಜಾಕೆಟ್ ತೊಟ್ಟೇ ಇರಲಿ.

3. ಲಾಕ್ ಏರುವುದು

ಏರುತಗ್ಗಿನ ನೆಲದಲ್ಲಿ ಕಾಲುವೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೇಲಿನ ಮತ್ತು ಕೆಳಗಿನ ಮಟ್ಟಗಳ ನಡುವೆ, ಎರಡೂ ತುದಿಗೆ ಗೇಟಿರುವ ತೊಟ್ಟಿಯೇ ಲಾಕ್. ಅದರ ತೂಬುಗಳನ್ನು ಎತ್ತಲು ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆ ಕೊಟ್ಟಿರುತ್ತಾರೆ.

ಎದುರಿನಿಂದ ದೋಣಿ ಬರುತ್ತಿದ್ದು, ನೀರಿನ ಮಟ್ಟ ಅದಕ್ಕೆ ಅನುಕೂಲವಾಗಿದ್ದರೆ ಅದನ್ನು ಮೊದಲು ಬಿಡಿ. ಒಂದು ಸಲ ಲಾಕ್ ಖಾಲಿಯಾದರೆ ಲಕ್ಷ ಲೀಟರ್‌ನಷ್ಟು ನೀರು ಕೆಳಗಿಳಿಯುತ್ತದೆ. ಅದನ್ನು ಸುಮ್ಮನೆ ಹರಿಯಬಿಡಬಾರದು.

ತೊಟ್ಟಿಯ ನೀರು ಕೆಳಮಟ್ಟಕ್ಕಿದ್ದಾಗ ಒಳಹೋಗಿ, ಕೆಳಗಿನ ಗೇಟು, ತೂಬು ಎರಡನ್ನೂ ಮುಚ್ಚಿ. ಮೇಲಿನ ತೂಬನ್ನು ಮೊದಲು ಅರ್ಧ ಮಾತ್ರ ಎತ್ತಿ. ನುಗ್ಗುವ ನೀರು ದೋಣಿಯನ್ನು ಹಿಂದೆ ಮುಂದೆ ಎಳೆದಾಡುತ್ತದೆ. ಅದು ಶಾಂತವಾದ ಮೇಲೆ ಪೂರ್ತಿ ಎತ್ತಿ. ಎರಡೂ ಕಡೆ ನೀರು ಸಮವಾದಾಗ ಗೇಟಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ಒತ್ತಿದರೆ ತೆರೆದುಕೊಳ್ಳುತ್ತದೆ. ಅದಕ್ಕೂ ಮೊದಲು ಎಷ್ಟು ಬಲ ಹಾಕಿದರೂ ಕದಲದು. ವಿಂಡ್‌ಲಾಸನ್ನು ತಿರುಗಿಸುವ ಕಂಬಿಯಲ್ಲೇ ಬಿಟ್ಟು ಹೋಗಬೇಡಿ. ಹಿಡಿತ ತಪ್ಪಿ ಗಿರಗಿರನೆ ತಿರುಗಿದರೆ ಮೂಳೆ ಮುರಿಯುವಷ್ಟು ಜೋರಾಗಿ ಬಡಿಯುತ್ತದೆ.

4. ಇಳಿಯುವಾಗ ಬಿಳಿ ಗೆರೆ

ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಮೇಲಿನ ಗೇಟಿನ ಬುಡದಲ್ಲಿ ‘ಸಿಲ್’ ಎಂಬ ಕಟ್ಟೆ ಒಳಕ್ಕೆ ಚಾಚಿಕೊಂಡಿರುತ್ತದೆ. ಲಾಕ್ ತುಂಬಿರುವಾಗ ಅದು ಕಾಣದು. ನೀರಿಳಿದಂತೆ ದೋಣಿಯ ಹಿಂಭಾಗ ಅದರ ಮೇಲೆ ಕೂತರೆ ಮುಂಭಾಗ ಕೆಳಗಿಳಿದು ದೋಣಿ ಮುಳುಗಬಹುದು. ಕಟ್ಟೆ ಎಲ್ಲಿಯವರೆಗಿದೆ ಎಂದು ತೋರಿಸಲು ಲಾಕ್‌ನ ಅಂಚಿನಲ್ಲಿ ಬಿಳಿ ಗೆರೆ ಬಳಿದಿರುತ್ತಾರೆ. ದೋಣಿ ಪೂರ್ತಿಯಾಗಿ ಅದಕ್ಕಿಂತ ಮುಂದಿರಲಿ. ಹಗ್ಗವನ್ನು ಬಿಗಿಯಾಗಿ ಕಟ್ಟಬೇಡಿ. ನೀರಿಳಿದಾಗ ದೋಣಿ ಅದಕ್ಕೆ ನೇತುಬೀಳುತ್ತದೆ. ದೋಣಿ ಎಲ್ಲಾದರೂ ಸಿಕ್ಕಿಕೊಂಡರೆ ತಕ್ಷಣ ಕೆಳಗಿನ ತೂಬು ಮುಚ್ಚಿ, ಬಳಿಕ ಮೇಲಿನಿಂದ ನಿಧಾನವಾಗಿ ನೀರು ಬಿಡಿ. ಲಾಕ್ ಬಳಿ ನಿಂತವರ ಕಣ್ಣು ಸದಾ ದೋಣಿಯ ಮೇಲಿರಬೇಕು. ಆ ಹೊತ್ತಿನಲ್ಲಿ ಮೊಬೈಲ್ ಜೇಬಿನಲ್ಲೇ ಇರಲಿ.

5. ಹೇರ್‌ಕ್ಯಾಸಲ್ ಸುರಂಗ

ಸ್ಟೋಕ್-ಆನ್-ಟ್ರೆಂಟ್ ಬಳಿಯ ಈ ಸುರಂಗ ಸುಮಾರು 2.7 ಕಿ.ಮೀ. ಉದ್ದವಿದೆ. ಈಗ ಬಳಕೆಯಲ್ಲಿರುವುದು ಎಂಜಿನಿಯರ್ ಥಾಮಸ್ ಟೆಲ್‌ಫೋರ್ಡ್ ಕಟ್ಟಿಸಿದ, 1827ರಲ್ಲಿ ತೆರೆದ ಸುರಂಗ. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿಯ ಹಳೆಯ ಸುರಂಗ ಪಕ್ಕದಲ್ಲೇ ಮುಚ್ಚಿಕೊಂಡಿದೆ. ಒಳಗೆ ಎದುರುಬದುರು ಹಾಯುವಷ್ಟು ಅಗಲವಿಲ್ಲ. ಸಿಬ್ಬಂದಿ ಹೇಳಿದಾಗಲೇ ಹೊರಡಬೇಕು. ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿ. ಮುಂದೀಪ ಹಚ್ಚಿ, ಸ್ವೆಟರ್ ಹಾಕಿಕೊಳ್ಳಿ, ತಲೆ ತಗ್ಗಿಸಿರಿ. ಸುರಂಗದ ಬಾಯಿಯ ಬಳಿ ನೀರು ಕಿತ್ತಳೆ ಬಣ್ಣಕ್ಕಿದ್ದರೆ ಗಾಬರಿ ಬೇಡ. ಬೆಟ್ಟದೊಳಗಿನ ಕಬ್ಬಿಣದ ಅದಿರು ಕರಗಿ ಬರುವ ಬಣ್ಣ ಅದು. ಸುರಂಗದ ಉತ್ತರಕ್ಕೆ ಚೆಷೈರ್ ಬಯಲಿನತ್ತ ಲಾಕ್‌ಗಳು ಒತ್ತೊತ್ತಾಗಿವೆ. ಆ ಭಾಗವನ್ನು ಎರಡು ದಿನಕ್ಕೆ ಹಂಚಿಕೊಳ್ಳಿ.

6. ರಾತ್ರಿ ತಂಗುವುದು

ಕತ್ತಲಾಗುವ ಮೊದಲೇ ದಡ ಸೇರಿ. ಕಾಲುವೆ ಪಕ್ಕದ ಕಾಲುದಾರಿಯ ಕಡೆ, ನಿಷೇಧವಿಲ್ಲದ ಕಡೆಗಳಲ್ಲಿ, ಗೂಟ ಬಡಿದು ದೋಣಿ ಕಟ್ಟಬಹುದು. ಲಾಕ್‌ನ ಬಾಯಲ್ಲಿ, ಸೇತುವೆಯಡಿ, ತಿರುವಿನಲ್ಲಿ ಕಟ್ಟಬೇಡಿ.

ಕಡೆಯದಾಗಿ, ಈ ದಾರಿ ಎಷ್ಟು ಹಳೆಯದೆಂಬುದು ನೆನಪಿರಲಿ. ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಕೆಲಸ ಆರಂಭವಾದದ್ದು 1766ರಲ್ಲಿ. ರಸ್ತೆಯ ಕುಲುಕಾಟಕ್ಕೆ ಒಡೆಯುತ್ತಿದ್ದ ಪಿಂಗಾಣಿ ಜೋಪಾನವಾಗಿ ಸಾಗಲೆಂದು ಕುಂಬಾರಿಕೆಯ ಉದ್ಯಮಿ ಜೊಸಾಯಾ ವೆಜ್‌ವುಡ್ ಇದರ ಬೆನ್ನಿಗೆ ನಿಂತಿದ್ದರು. ಅಂದಿನ ಆ ದಾರಿ ಇಂದಿಗೂ ಬಳಕೆಯಲ್ಲಿದೆ. ಮುಂದೆಯೂ ಇರಬೇಕೆಂದರೆ, ಬಂದವರೆಲ್ಲ ಅದನ್ನು ಜತನದಿಂದ ಬಳಸಬೇಕು. ಪ್ರತಿ ಲಾಕ್ ದಾಟಿದ ಮೇಲೆ ತೂಬು ಇಳಿಸಿ, ಗೇಟು ಮುಚ್ಚಿಯೇ ಮುಂದೆ ಹೋಗಿ. ಒಂದು ತೂಬು ತೆರೆದೇ ಉಳಿದರೆ ಮೇಲಿನ ಕಾಲುವೆ ಬರಿದಾಗಿ, ಹಿಂದೆ ಬರುವ ಹತ್ತಾರು ದೋಣಿಗಳು ಕೆಸರಿನಲ್ಲಿ ನಿಲ್ಲಬೇಕಾಗುತ್ತದೆ. ನಿಮ್ಮ ಬಳಿ ಒಂದೇ ವಾರವಿದ್ದರೆ ಪೂರ್ತಿ ಸುತ್ತಿನ ಆಸೆ ಬಿಟ್ಟು, ಮೂರು ದಿನ ಮುಂದೆ ಹೋಗಿ ಅದೇ ದಾರಿಯಲ್ಲಿ ಮರಳಿ. ಕಲಿಯಲು ಅಷ್ಟು ಸಾಕು.