ಮನೆಯ ತೊಗರಿ ಮನೆಯಲ್ಲೇ ಬೇಳೆಯಾಗಲಿ
ಉದಗೀರ, ನಿಲಂಗಾ, ಉಮರ್ಗಾ ರೈತ ಕುಟುಂಬಗಳಿಗೆ ಸಣ್ಣ ಬೇಳೆ ಗಿರಣಿಯ ದಾರಿ

ಸಂಕ್ರಾಂತಿಯ ಹೊತ್ತಿಗೆ ಉದಗೀರದ ಮೋಂಢಾಕ್ಕೆ ಹೊಸ ತೊಗರಿಯ ಚೀಲಗಳು ಬಂದು ಬೀಳುತ್ತವೆ. ಅಂದು ಕಾಳು ಮಾರಿ ಹೋದ ರೈತರೇ ನಾಲ್ಕು ತಿಂಗಳ ನಂತರ ಅದೇ ಪೇಟೆಯಲ್ಲಿ ಬೇಳೆ ಕೊಳ್ಳುತ್ತಾರೆ. ಕಾಳಿನ ದರಕ್ಕೂ ಬೇಳೆಯ ದರಕ್ಕೂ ನಡುವಿನ ಅಂತರದಲ್ಲಿ ಒಂದು ಪಾಲು ಬೆಳೆದವರ ಮನೆಗೂ ಬರಬೇಕು. ಅದಕ್ಕೆ ನೆರವಾಗುವ ಸರ್ಕಾರಿ ಯೋಜನೆಯಿದೆ, ಆದರೆ ಕಾಗದಪತ್ರ ಮರಾಠಿಯಲ್ಲಿರುವುದರಿಂದ ಕನ್ನಡ ಮಾತಾಡುವ ಎಷ್ಟೋ ಮನೆಗಳು ಹಿಂಜರಿಯುತ್ತವೆ. ಅಂಥವರಿಗಾಗಿ ಈ ಮಾಹಿತಿ.

ಯೋಜನೆ ಯಾವುದು?

ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆ ಯೋಜನೆ. ಕೃಷಿ ಕಚೇರಿಯಲ್ಲಿ ‘ಪಿಎಂಎಫ್‌ಎಂಇ’ ಎಂದರೆ ಸಾಕು. 2020ರಲ್ಲಿ ಶುರುವಾದ ಇದರಲ್ಲಿ ಒಬ್ಬ ಉದ್ದಿಮೆದಾರರಿಗೆ ಅರ್ಹ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಕನಿಷ್ಠ ಶೇ 10ರಷ್ಟು ಹಣ ನಮ್ಮದು, ಉಳಿದದ್ದು ಬ್ಯಾಂಕ್ ಸಾಲ. ಮಹಿಳೆಯರ ಬಚತ ಗಟಗಳಿಗೆ ಬಂಡವಾಳ ಮತ್ತು ಸಣ್ಣ ಸಲಕರಣೆಗೆಂದು ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನದ ಅವಕಾಶವೂ ಇದೆ.

ಹೆಜ್ಜೆ 1: ಮೊದಲು ಲೆಕ್ಕ ಹಾಕಿ

ಸಣ್ಣ ಗಿರಣಿಯಲ್ಲಿ ಒಂದು ಕ್ವಿಂಟಲ್ ತೊಗರಿಗೆ ಸಾಮಾನ್ಯವಾಗಿ 70ರಿಂದ 75 ಕಿಲೋ ಬೇಳೆ ಬರುತ್ತದೆ. 2025–26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆ ದರ ಹಿಡಿದರೆ ಒಂದು ಕಿಲೋ ಬೇಳೆಯಲ್ಲಿ ಕಾಳಿನ ಬೆಲೆಯೇ 107ರಿಂದ 114 ರೂಪಾಯಿ ಆಗುತ್ತದೆ. ಅದರ ಮೇಲೆ ಕರೆಂಟು, ಕೂಲಿ, ಚೀಲ, ಸಾಲದ ಕಂತು ಸೇರಿಸಿ. ಬರುವ ಮೊತ್ತ ಪೇಟೆಯ ದರಕ್ಕಿಂತ ಕಡಿಮೆಯಿದ್ದರೆ ಮಾತ್ರ ಮುಂದೆ ಹೋಗಿ. ಹೊಟ್ಟು ಮತ್ತು ನುಚ್ಚನ್ನು ಲೆಕ್ಕದಿಂದ ಬಿಡಬೇಡಿ. ದೇವಣಿ ತಳಿಯ ದನಗಳ ಈ ಸೀಮೆಯಲ್ಲಿ ಅದಕ್ಕೆ ಎಂದೂ ಗಿರಾಕಿ ಇದ್ದೇ ಇರುತ್ತದೆ.

ನಿಮ್ಮ ಹೊಲದ ತೊಗರಿಯೊಂದೇ ವರ್ಷವಿಡೀ ಗಿರಣಿ ನಡೆಸಲು ಸಾಲದು. ಅಕ್ಕಪಕ್ಕದ ಹತ್ತು ಮನೆಗಳ ಕಾಳು ಒಡೆದುಕೊಡುವ ಕೆಲಸ ಸಿಗುತ್ತದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ.

ಹೆಜ್ಜೆ 2: ಹೆಸರು ಒಂದೇ ಆಗಿರಲಿ

ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಬದಲಾಯಿತು, ಮನೆಮಾತು ಉಳಿಯಿತು. ಕನ್ನಡದ ಹೆಸರು, ಅಡ್ಡಹೆಸರುಗಳನ್ನು ಮರಾಠಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಆಧಾರ್, ಬ್ಯಾಂಕ್ ಪುಸ್ತಕ, ಸಾತ್‌ಬಾರಾ ಉತಾರಾ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ವ್ಯತ್ಯಾಸ ಕಂಡರೆ ಅರ್ಜಿಗೆ ಮೊದಲೇ ಸರಿಪಡಿಸಿ. ಹೊಲ ಇನ್ನೂ ತೀರಿಹೋದ ಅಪ್ಪ, ಅಜ್ಜನ ಹೆಸರಲ್ಲಿದ್ದರೆ ತಲಾಠಿ ಕಚೇರಿಯಲ್ಲಿ ವಾರಸುದಾರರ ಹೆಸರು ಸೇರಿಸುವ ಫೇರಫಾರ ಮಾಡಿಸಿಕೊಳ್ಳಿ.

ಗಡಿಯಾಚೆ ಔರಾದ, ಭಾಲ್ಕಿ ಕಡೆಯೂ ಹೊಲವಿರುವವರು ಗಮನಿಸಿ: ಕರ್ನಾಟಕದ ಪಹಣಿ ಅಲ್ಲಿನ ದಾಖಲೆ, ಸಾತ್‌ಬಾರಾ ಇಲ್ಲಿನದು. ಗಿರಣಿ ಎಲ್ಲಿ ಹಾಕುತ್ತೀರೋ ಆ ಜಿಲ್ಲೆಯಲ್ಲೇ ಅರ್ಜಿ ಕೊಡಬೇಕು.

ಹೆಜ್ಜೆ 3: ರೈತ ಗುರುತಿನ ಸಂಖ್ಯೆ, ಪೀಕ ಪಾಹಣಿ

ಮಹಾರಾಷ್ಟ್ರದ ಕೃಷಿ ಯೋಜನೆಗಳಿಗೆ 2025ರ ಏಪ್ರಿಲ್‌ನಿಂದ ರೈತ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಸಾತ್‌ಬಾರಾ ಕೊಟ್ಟು ಮಾಡಿಸಿ. ಪ್ರತಿ ಹಂಗಾಮಿನಲ್ಲೂ ಇ-ಪೀಕ ಪಾಹಣಿ ಆ್ಯಪ್‌ನಲ್ಲಿ ತೊಗರಿಯನ್ನು ದಾಖಲಿಸಿ. ಗಿರಣಿ ಹಾಕಲಿ ಬಿಡಲಿ, ಬೆಂಬಲ ಬೆಲೆಗೆ ಕಾಳು ಕೊಡುವಾಗ ಸಾತ್‌ಬಾರಾದಲ್ಲಿ ಬೆಳೆಯ ನಮೂದು ಬೇಕೇ ಬೇಕು.

ಹೆಜ್ಜೆ 4: ಯಂತ್ರ ನೋಡಿ, ದರಪಟ್ಟಿ ತನ್ನಿ

ಅಕೋಲಾದ ಪಂಜಾಬರಾವ್ ದೇಶಮುಖ ಕೃಷಿ ವಿದ್ಯಾಪೀಠ ಮತ್ತು ಮೈಸೂರಿನ ಸಿಎಫ್‌ಟಿಆರ್‌ಐ ಎರಡೂ ಸಣ್ಣ ಬೇಳೆ ಗಿರಣಿಗಳನ್ನು ರೂಪಿಸಿವೆ. ಕೊಳ್ಳುವ ಮೊದಲು ನಡೆಯುತ್ತಿರುವ ಗಿರಣಿಯೊಂದನ್ನು ಕಣ್ಣಾರೆ ನೋಡಿ, ನಿಮ್ಮದೇ ಒಂದು ಚೀಲ ತೊಗರಿ ಒಡೆಸಿ, ಬೇಳೆಯನ್ನು ತೂಗಿ. ಕಾಳಿನ ಸಿಪ್ಪೆಗೆ ಗೀರು ಹಾಕುವುದು, ಎಣ್ಣೆ ಸವರುವುದು, ನೀರು ಚಿಮುಕಿಸಿ ಬಿಸಿಲಿಗೆ ಹರಡುವುದು, ಆಮೇಲೆ ಒಡೆಯುವುದು: ಇವಿಷ್ಟಕ್ಕೂ ಅಂಗಳ ಬೇಕು. ಹಾಗಾಗಿ ಯಂತ್ರ ಕೂರುವ ಕೋಣೆಯ ಜೊತೆಗೆ ಒಣಗಿಸುವ ಜಾಗವನ್ನೂ ಅಳೆಯಿರಿ.

ಹೆಜ್ಜೆ 5: ಅರ್ಜಿ

ತಾಲ್ಲೂಕು ಕೃಷಿ ಅಧಿಕಾರಿ ಕಚೇರಿಗೆ ಹೋಗಿ, ಈ ವರ್ಷದ ಅನುದಾನ ಉಳಿದಿದೆಯೇ ಎಂದು ಮೊದಲು ವಿಚಾರಿಸಿ. ಬಳಿಕ ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ಸಂಪರ್ಕ ಕೇಳಿ ಪಡೆಯಿರಿ. ಉದಗೀರ, ನಿಲಂಗಾದವರಿಗೆ ಜಿಲ್ಲೆ ಲಾತೂರ, ಉಮರ್ಗಾದವರಿಗೆ ಧಾರಾಶಿವ. ಯೋಜನಾ ವರದಿ ಬರೆಯಲು, ಅರ್ಜಿ ತುಂಬಲು, ಬ್ಯಾಂಕಿನಲ್ಲಿ ಮಾತಾಡಲು ನೆರವಾಗುವುದೇ ಇವರ ಕೆಲಸ. ಅದಕ್ಕೆ ಸರ್ಕಾರವೇ ಅವರಿಗೆ ಹಣ ಕೊಡುತ್ತದೆ, ನೀವು ಕೊಡಬೇಕಿಲ್ಲ. ಗಂಡ, ಹೆಂಡತಿ, ಮಕ್ಕಳು ಸೇರಿ ಒಂದು ಕುಟುಂಬ. ಒಂದು ಕುಟುಂಬಕ್ಕೆ ಒಂದೇ ಸಹಾಯಧನ.

ಜೊತೆಗಿರಲಿ: ಆಧಾರ್, ಪ್ಯಾನ್, ಆರು ತಿಂಗಳ ಬ್ಯಾಂಕ್ ವಿವರ, ಜಾಗದ ದಾಖಲೆ ಅಥವಾ ಬಾಡಿಗೆ ಕರಾರು, ಯಂತ್ರದ ದರಪಟ್ಟಿ, ಫೋಟೊ.

ಹೆಜ್ಜೆ 6: ಸಹಾಯಧನದ ಗುಟ್ಟು ತಿಳಿದಿರಲಿ

ಈ ಹಣ ಕೈಗೆ ಬರುವುದಿಲ್ಲ. ಒಂದು ಉದಾಹರಣೆ: ವೆಚ್ಚ 4 ಲಕ್ಷ ಎಂದುಕೊಳ್ಳಿ. ನಿಮ್ಮದು 40,000, ಬ್ಯಾಂಕಿನ ಸಾಲ 3,60,000, ಸಹಾಯಧನ 1,40,000. ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕುಳಿತಿರುತ್ತದೆ. ಮೂರು ವರ್ಷ ಗಿರಣಿ ನಡೆದು, ಕಂತು ತಪ್ಪದೆ ಕಟ್ಟಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ‘ಅರ್ಧ ನಿಮಗೆ, ಅರ್ಧ ನನಗೆ’ ಎನ್ನುವ ದಲ್ಲಾಳಿಯ ಮಾತಿಗೆ ಕಿವಿಗೊಡಬೇಡಿ. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ.

ಹೆಜ್ಜೆ 7: ಹೆಸರು, ಚೀಟಿ, ಮಾರಾಟ

ಉದ್ಯಮ್ ನೋಂದಣಿ ಪುಕ್ಕಟೆ. ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ. ಪೊಟ್ಟಣದ ಮೇಲೆ ಆ ನೋಂದಣಿ ಸಂಖ್ಯೆ, ತೂಕ, ತಯಾರಾದ ದಿನ, ಬಾಳಿಕೆ, ಬೆಲೆ, ವಿಳಾಸ ಇರಬೇಕು.

ನಿಲಂಗಾ ತಾಲ್ಲೂಕಿನ ಬೋರಸುರಿಯ ತೊಗರಿಬೇಳೆಗೂ ಪಾನಚಿಂಚೋಳಿಯ ಹುಣಸೆಗೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಸೀಮೆಯ ರೈತರು ಅಧಿಕೃತ ಬಳಕೆದಾರರೆಂದು ಹೆಸರು ನೋಂದಾಯಿಸಿಕೊಂಡರೆ ಪೊಟ್ಟಣದ ಮೇಲೆ ಆ ಗುರುತು ಹಾಕಬಹುದು. ಬೇರೆ ಊರಿನ ಬೇಳೆಗೆ ಆ ಹೆಸರು ಸಲ್ಲದು. ಉಳಿದವರು ತಮ್ಮ ಊರಿನ ಹೆಸರನ್ನೇ ಹಾಕಿ ನಂಬಿಕೆ ಗಳಿಸಲಿ. ಮೊದಲ ವರ್ಷ ದೂರದ ಪೇಟೆ ಬೇಡ. ವಾರದ ಸಂತೆ, ಶಾಲೆಯ ಮಾಸ್ತರರ ಮನೆ, ಲಾತೂರ, ಬೀದರದ ನೆಂಟರಿಷ್ಟರು, ಇಷ್ಟು ಸಾಕು.

ತೊಗರಿ ನಮ್ಮದು, ಬಿಸಿಲು ನಮ್ಮದು, ಒಡೆಯುವ ಕೈಯೂ ನಮ್ಮ ಅಕ್ಕ-ತಂಗಿಯರದು. ಈ ವಾರವೇ ಸಾತ್‌ಬಾರಾ, ಆಧಾರ್, ಬ್ಯಾಂಕ್ ಪುಸ್ತಕ ಹೊರತೆಗೆದು ಹೆಸರು ತಾಳೆ ನೋಡಿ. ಆ ಒಂದು ಕೆಲಸ ಮುಗಿದರೆ ಉಳಿದ ಹೆಜ್ಜೆಗಳ ಅರ್ಧ ಭಾರ ಇಳಿದಂತೆ.